ನೋಟಿಸ್ ಅಡಿ ಲೆಕ್ಕದಲ್ಲಿರಲಿ, ಜತೆಗೊಂದು ನಕ್ಷೆಯಿರಲಿ

ಮಾನ್ಯ ಸಂಪಾದಕರೇ,

ಒಸಿ, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಕೊಡುವ ಸ್ವಾಧೀನಾನುಭವ ಪತ್ರ, ಇಲ್ಲದ ಮನೆಗಳಿಗೆ ಕರೆಂಟು ಸಿಗದೆ ಜನ ಪರದಾಡುತ್ತಿರುವ ಸುದ್ದಿಗಳನ್ನು ಓದುತ್ತಲೇ ಇದ್ದೇನೆ. ಆ ಪತ್ರ ನೋಡಿಯೇ ನೀರು, ವಿದ್ಯುತ್ ಕೊಡಬೇಕೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಬೀರುವಿನಲ್ಲಿ ಮಡಚಿಟ್ಟಿದ್ದ ಮಂಜೂರಾತಿ ನಕ್ಷೆಗಳನ್ನು ಎಲ್ಲರೂ ಹುಡುಕತೊಡಗಿದ್ದಾರೆ. ಅಂಥ ನಕ್ಷೆಗಳನ್ನು ಮೂವತ್ತೊಂದು ವರ್ಷ ಬರೆದವನು ನಾನು. ಅಮೋನಿಯಾ ವಾಸನೆಯ ನೀಲಿ ಪ್ರಿಂಟಿನ ಕಾಲದಿಂದ ಆಟೊಕ್ಯಾಡ್‌ವರೆಗೆ ಅದೇ ಅನ್ನ. ಈಗ ಕೆಲಸ ಬಿಟ್ಟಿದ್ದೇನೆ, ಟೇಪು ಬಿಟ್ಟಿಲ್ಲ. ನಕ್ಷೆ ಮೀರಿ ಕಟ್ಟಿದ್ದೀರಿ ಎಂಬ ಪಾಲಿಕೆಯ ನೋಟಿಸ್ ಕೈಗೆ ಬಂದ ಅಕ್ಕಪಕ್ಕದವರು ನಮ್ಮ ಜಗಲಿಗೆ ಬರುತ್ತಾರೆ.

ಹೋದ ವರ್ಷ ನಮ್ಮ ಬೀದಿಯ ಒಬ್ಬರು ಬಂದರು. ಯಜಮಾನರು ತೀರಿಕೊಂಡು ಎರಡು ವರ್ಷ. ನೋಟಿಸನ್ನು ನಾಲ್ಕು ದಿನ ದೇವರ ಪಟದ ಹಿಂದೆ ಇಟ್ಟು, ಐದನೇ ದಿನ ಹಿಡಿದುಕೊಂಡು ಬಂದಿದ್ದರು. "ಅಣ್ಣಾ, ಮೂವತ್ತೆಂಟು ಅಡಿ ಒಡೀಬೇಕಂತೆ. ಇರೋದೇ ನಲವತ್ತಡಿ ಸೈಟು. ಇನ್ನು ಏನುಳೀತು?"

ಬಿಡಿಸಿ ನೋಡಿದೆ. ‘ಎಡ ಪಾರ್ಶ್ವದ ಸೆಟ್‌ಬ್ಯಾಕ್ 1.00 ಮೀ. ಬದಲು 0.62 ಮೀ. ಇದ್ದು, 0.38 ಮೀ. ಉಲ್ಲಂಘನೆಯಾಗಿರುತ್ತದೆ’ ಎಂದಿತ್ತು. ಸೈಟಿನ ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗವೇ ಸೆಟ್‌ಬ್ಯಾಕ್. ಅದರಲ್ಲಿ ಕಡಿಮೆ ಬಿದ್ದದ್ದು ಹದಿನೈದು ಅಂಗುಲ. ನಮ್ಮ ಜನ ಸೈಟು ಕೊಳ್ಳುವುದು ಅಡಿಯಲ್ಲಿ, ಮೇಸ್ತ್ರಿ ದಾರ ಹಿಡಿಯುವುದು ಅಡಿಯಲ್ಲಿ, ಬಾಡಿಗೆಗೆ ಕೊಡುವುದು ಚದರದಲ್ಲಿ. ನೋಟಿಸ್ ಮಾತ್ರ ಮೀಟರಿನಲ್ಲಿ, ಅದೂ ಸೊನ್ನೆ ಪಾಯಿಂಟಿನಲ್ಲಿ. ಆ ಚುಕ್ಕಿ ಜೆರಾಕ್ಸಿನಲ್ಲಿ ಅಳಿಸಿಹೋಗಿತ್ತು.

ಅವರ ಮನೆಗೇ ಹೋಗಿ ಅಳೆದೆ. ಮನೆಯ ಗೋಡೆ ಎಲ್ಲಿರಬೇಕೋ ಅಲ್ಲೇ ಇತ್ತು, ಕಾಂಪೌಂಡಿನಿಂದ ಮೂರಡಿ ಮೂರಂಗುಲ. ಹಾಗಾದರೆ ಹದಿನೈದು ಅಂಗುಲ ನುಂಗಿದ್ದು ಯಾವುದು? ಬಚ್ಚಲಿನ ಪಕ್ಕ, ಹಂಡೆ ಒಲೆಗೆ ಸೌದೆ ಒಟ್ಟಲು ಯಜಮಾನರು ಕೊನೆಗಾಲದಲ್ಲಿ ಕಟ್ಟಿಸಿದ್ದ ಒಂದು ಗೂಡು. ನಾಲ್ಕೂವರೆ ಇಂಚಿನ ಗೋಡೆ, ಮೇಲೊಂದು ಸಿಮೆಂಟ್ ಶೀಟು. ಅಳತೆಗೆ ಬಂದವರು ಟೇಪನ್ನು ಅದರ ಹೊರಮೈಗೆ ಹಿಡಿದಿದ್ದರು. ಅವರ ಲೆಕ್ಕ ತಪ್ಪಲ್ಲ. ಆದರೆ ‘ಸೌದೆ ಗೂಡು’ ಎಂಬ ಎರಡು ಪದ ಬರೆದಿದ್ದರೆ ಆ ತಾಯಿ ನಾಲ್ಕು ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಗಾರೆಯವನೊಬ್ಬ, ಒಂದು ಹಾರೆ, ಅರ್ಧ ದಿನ. ಗೂಡು ಹೋಯಿತು.

ಊರಿನ ಹೆಸರು, ಕಚೇರಿಯ ಹೆಸರು ಬರೆಯುತ್ತಿಲ್ಲ. ಮೈಸೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಎಲ್ಲ ಪಾಲಿಕೆಗಳಿಗೂ 1976ರ ಅದೇ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಬೆಂಗಳೂರಿಗೆ 2021ರಿಂದ ಬೇರೆ ಕಾಯ್ದೆ ಬಂತು, 2025ರಲ್ಲಿ ಅದೂ ಬದಲಾಯಿತು. ಮಿಕ್ಕ ಊರುಗಳಲ್ಲಿ ಜನ ನಡುಗುವುದು 321ನೇ ಸೆಕ್ಷನ್ ಹೆಸರು ಕೇಳಿ. ಅದರ ಒಂದನೇ ಉಪವಿಧಿಯಲ್ಲಿ ಬರುವುದು ತಾತ್ಕಾಲಿಕ ಆದೇಶ. ಕಟ್ಟಿದ್ದನ್ನು ಕೆಡವಿ, ಅಥವಾ ಕಾನೂನು ಮೀರಿದಷ್ಟು ಭಾಗವನ್ನು ಕೆಡವಿ, ಅಥವಾ ನಕ್ಷೆಗೂ ನಿಯಮಕ್ಕೂ ಹೊಂದುವಂತೆ ಮಾರ್ಪಾಡು ಮಾಡಿ ಎಂದು ಕಾಯ್ದೆಯೇ ಮೂರು ದಾರಿ ಇಟ್ಟಿದೆ. ಎರಡು ಸಲ ‘ಅಥವಾ’ ಇದೆ. ಜತೆಯಲ್ಲೇ ಕಾರಣ ಕೇಳುವ ನೋಟಿಸ್ ಇರುತ್ತದೆ. ನಮ್ಮ ಉತ್ತರ ಸಮಾಧಾನಕರ ಅಲ್ಲವೆಂದಾದರೆ ಮಾತ್ರ ಮೂರನೇ ಉಪವಿಧಿಯಲ್ಲಿ ಆದೇಶ ಖಾಯಂ ಆಗುವುದು. ಅದರ ಮೇಲೂ 443ಎ ಸೆಕ್ಷನ್‌ನಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನೋಟಿಸ್ ಓದಿದವರ ಕಣ್ಣಿಗೆ ಬೀಳುವುದು ‘ಕೆಡವಿ’ ಒಂದೇ. ಉತ್ತರ ಕೊಡದೆ ದಿನ ತಳ್ಳುತ್ತಾರೆ. ಅದೇ ದೊಡ್ಡ ತಪ್ಪು.

ನಾವು ಉತ್ತರ ಬರೆದೆವು. ಗೂಡು ಇದ್ದಾಗಿನದೊಂದು, ತೆಗೆದ ಮೇಲಿನದೊಂದು ಫೋಟೊ ಲಗತ್ತಿಸಿದೆವು. ಟೇಪನ್ನು ಗೋಡೆಗೆ ಹಿಡಿದ ಫೋಟೊ ಕೂಡ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆವು. ಸೀಲಿಲ್ಲದ ಪ್ರತಿ ಒಲೆಗೆ ಹಾಕಲಿಕ್ಕೇ ಸೈ.

ಎಲ್ಲವೂ ಹೀಗೆ ಸಲೀಸಾಗಿ ಮುಗಿಯಿತು ಎಂದರೆ ಸುಳ್ಳಾದೀತು. ಅವರ ಮಹಡಿಯ ಮೇಲೆ ನಕ್ಷೆಯಲ್ಲಿಲ್ಲದ ಒಂದು ಶೀಟಿನ ಕೋಣೆ ಇತ್ತು, ಇಬ್ಬರು ಕಾಲೇಜು ಹುಡುಗರು ಬಾಡಿಗೆಗಿದ್ದರು. ನೋಟಿಸ್‌ನಲ್ಲಿ ಅದೂ ಇತ್ತು. ‘ಇದು ಉಳಿಯಲ್ಲಮ್ಮ’ ಎಂದೆ. ಪರೀಕ್ಷೆ ಮುಗಿಯುವವರೆಗೆ ಸಮಯ ಕೇಳಿ ಬರೆದೆವು, ಕೊಟ್ಟರು, ಆಮೇಲೆ ಬಿಚ್ಚಿಸಿದರು. ಬಾಡಿಗೆ ನಿಂತುಹೋಯಿತು. ಎರಡು ತಿಂಗಳು ಆಕೆ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಅನುಮತಿ ಇಲ್ಲದ ಮಹಡಿಗೆ ನಾನು ವಕಾಲತ್ತು ವಹಿಸಲಾರೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 9 ಜನ ಸತ್ತದ್ದನ್ನು ಟಿವಿಯಲ್ಲಿ ನೋಡಿದವರು ಯಾರೂ ವಹಿಸಲಾರರು.

ನನ್ನ ಕಸುಬಿನ ಪಾಪವನ್ನೂ ಹೇಳಿಬಿಡುತ್ತೇನೆ. ಮಂಜೂರಾತಿಗೊಂದು ನಕ್ಷೆ, ಮೇಸ್ತ್ರಿಗೊಂದು ನಕ್ಷೆ ಎಂದು ಎರಡೆರಡು ಬರೆದುಕೊಟ್ಟಿದ್ದೇನೆ. ಕ್ರಯಪತ್ರದಲ್ಲಿ 30 ಅಡಿ ಇದ್ದದ್ದು ನೆಲದ ಮೇಲೆ ಇಪ್ಪತ್ತೊಂಬತ್ತಡಿ ನಾಲ್ಕಂಗುಲ ಇರುತ್ತದೆ. ಅಳೆಯದೆ ಮೂವತ್ತಕ್ಕೇ ಬರೆದು ಸೆಟ್‌ಬ್ಯಾಕನ್ನು ಆಗಲೇ ಕಳೆದುಕೊಂಡಿರುತ್ತೇವೆ. ಪಾಯ ತೆಗೆದ ಮೇಲೆ ವಾಸ್ತು ಹೇಳುವವರು ಬಂದು ಮೆಟ್ಟಿಲನ್ನು ತಿರುಗಿಸುತ್ತಾರೆ. ಮಾಲೀಕರಿಗೆ ಇದಾವುದೂ ಗೊತ್ತಾಗುವುದಿಲ್ಲ. ಮಂಜೂರಾದ ನಕ್ಷೆಯನ್ನು ಕಟ್ಟುವ ಜಾಗದಲ್ಲೇ ಕಾಣುವಂತೆ ಹಾಕಬೇಕು, ಅಧಿಕಾರಿಗಳು ಆಗಾಗ ಬಂದು ನೋಡಬೇಕು ಎಂದೂ ಅದೇ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಪಾಯದ ದಿನವೇ ಎಂಜಿನಿಯರ್ ಒಮ್ಮೆ ಟೇಪು ಹಿಡಿದರೆ ಅರ್ಧ ನೋಟಿಸ್ ಬೇಕಾಗುವುದೇ ಇಲ್ಲ.

ಇನ್ನು ಕಚೇರಿಯ ಮುಂದಿನ ಟೀ ಅಂಗಡಿಯ ಮಧ್ಯವರ್ತಿಗಳು. "ಅಕ್ರಮ-ಸಕ್ರಮ ಬರ್ತದೆ, ಸುಮ್ನಿರಿ, ನಾ ನೋಡ್ಕೋತೀನಿ" ಎನ್ನುತ್ತಾರೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ. ಆ ಹೆಸರು ಹೇಳಿ ಈಗಲೂ ದುಡ್ಡು ಎತ್ತುತ್ತಿದ್ದಾರೆ. ಕಚೇರಿಯ ಒಳಗೆ ಉತ್ತರ ಸಿಗದವರು ಹೊರಗೆ ಟೀ ಕುಡಿಯುತ್ತಾರೆ, ಅಷ್ಟೆ.

ಪಾಲಿಕೆಗಳಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಮೀಟರಿನ ಪಕ್ಕದಲ್ಲಿ ಅಡಿ-ಅಂಗುಲವನ್ನೂ ಬರೆಯಲಿ. ಮಂಜೂರಾದ ನಕ್ಷೆಯ ಒಂದು ಪ್ರತಿಯ ಮೇಲೆ ಹೆಚ್ಚಾದ ಭಾಗಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಲಗತ್ತಿಸಲಿ. ಯಾವುದು ತೆಗೆಯಲೇಬೇಕು, ಯಾವುದಕ್ಕೆ ಪರಿಷ್ಕೃತ ನಕ್ಷೆ ಕೊಟ್ಟರೆ ಸಾಕು ಎಂದು ಬೇರೆ ಬೇರೆ ಹೇಳಲಿ. ವಾರದಲ್ಲೊಂದು ಮಧ್ಯಾಹ್ನ ಎಂಜಿನಿಯರ್ ಫೀಲ್ಡಿಗೆ ಹೋಗದೆ ಮೇಜಿನಲ್ಲೇ ಕೂತು, ಕನ್ನಡದಲ್ಲಿ ವಿವರಿಸಲಿ.

ಬರೀ ಬಾಯಿಮಾತು ಬೇಡವೆಂದು ಅಂಥದೊಂದು ನೋಟಿಸನ್ನು ನಾನೇ ಬರೆದು, ಕೆಂಪು ಗೆರೆ ಎಳೆದು, ಹೋದ ಸೋಮವಾರ ಕಚೇರಿಗೆ ಕೊಟ್ಟುಬಂದೆ. ಟಪಾಲಿನ ಹುಡುಗಿ ತಿರುಗಿಸಿ ಮುರುಗಿಸಿ ನೋಡಿ, "ದೂರಾ ಸಾರ್, ಅರ್ಜಿಯಾ?" ಎಂದಳು. ಎರಡೂ ಅಲ್ಲಮ್ಮ, ನಮೂನೆ ಎಂದೆ. ರಿಜಿಸ್ಟರಿನಲ್ಲಿ ‘ಇತರೆ’ ಎಂದು ಬರೆದುಕೊಂಡು ಸೀಲು ಒತ್ತಿಕೊಟ್ಟಳು.

— ಒಬ್ಬ ನಿವೃತ್ತ ನಕ್ಷೆಗಾರ