ಹಡ್ಸನ್ ಚರ್ಚಿನ ಗೇಟಿನಲ್ಲಿ ಕೊಡದ ಉತ್ತರ

ಬೆಂಗಳೂರು, ಸೋಮವಾರ

ಪ್ರೀತಿಯ ಪುಟ್ಟಿ,

ನಿನ್ನೆ ಆರಾಧನೆ ಮುಗಿದ ಮೇಲೆ ಕೇಳಿದೆಯಲ್ಲ, "ತಾತ, ಹಿಟ್ಲರನನ್ನು ಹೊಗಳಿದವನ ಹಿಂದೆ ಹೇಗೆ ಹೋದಿರಿ?" ಅಂತ. ಗೇಟಿನಲ್ಲಿ ಜನ ಜಾಸ್ತಿ ಇದ್ದರು. ಸುಮ್ನೆ ನಕ್ಕುಬಿಟ್ಟೆ.

ಹೌದು, ನಮ್ಮ ಚಳವಳಿಯನ್ನು (ಮೊದಲು ಆಕ್ಸ್‌ಫರ್ಡ್ ಗುಂಪು, ಆಮೇಲೆ ಮಾರಲ್ ರೀಆರ್ಮಮೆಂಟ್ ಅಂತ ಹೆಸರು) ಕಟ್ಟಿದ ಅಮೆರಿಕದ ಪಾದ್ರಿ ಫ್ರಾಂಕ್ ಬುಕ್‌ಮನ್ 1936ರಲ್ಲಿ ಹಾಗೆ ಹೇಳಿದ್ದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಯಿತು. ಕಮ್ಯುನಿಸಂಗೆ ಹಿಟ್ಲರ್ ಅಡ್ಡ ನಿಂತನಲ್ಲ ಅನ್ನೋ ಖುಷಿ. ಮಾತು ತಪ್ಪು. ನಮ್ಮ ಪರ ವಾದ ಮಾಡುವಾಗ ನೀನು ಅದನ್ನು ಮುಚ್ಚಿಡಬೇಡ. ನಾಜಿಗಳ ಗುಪ್ತ ಪೊಲೀಸರೇ ಮುಂದೆ ಈ ಗುಂಪಿನ ವಿರುದ್ಧ ವರದಿ ಬರೆದರು, ಅದನ್ನೂ ಹೇಳು.

ನಿನ್ನ ಕೌನ್ಸೆಲಿಂಗ್ ಕೋರ್ಸಿನಲ್ಲಿ ಕುಡಿತ ಬಿಡೋರು ಒಬ್ಬರಿಗೊಬ್ಬರು ನೆರವಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಬರುತ್ತೆ ಅಲ್ವಾ? 1935ರಲ್ಲಿ ಅದನ್ನು ಶುರು ಮಾಡಿದ ಇಬ್ಬರೂ ಬುಕ್‌ಮನ್‌ನ ಆಕ್ಸ್‌ಫರ್ಡ್ ಗುಂಪಿನ ಕೂಟಗಳಿಗೆ ಹೋಗುತ್ತಿದ್ದವರು.

ನನ್ನನ್ನು ಹಿಡಿದದ್ದು ಬುಕ್‌ಮನ್ ಅಲ್ಲ, ಒಂದು ನೋಟ್‌ಬುಕ್. 1974ರಲ್ಲಿ ಪಂಚಗಣಿಯಲ್ಲಿರೋ ನಮ್ಮ ಚಳವಳಿಯ ಕೇಂದ್ರ ಏಷ್ಯಾ ಪ್ಲಾಟೋಗೆ ಹೋಗಿದ್ದೆ. ಬೆಳಿಗ್ಗೆ ಚಳಿಯಲ್ಲಿ ಮಾತಿಲ್ಲದೆ ಕೂತು, ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಪ್ರಾಮಾಣಿಕತೆ, ಶುದ್ಧತೆ, ನಿಸ್ವಾರ್ಥ, ಪ್ರೀತಿ, ನಮ್ಮನ್ನು ನಾವೇ ಅಳೆದುಕೊಳ್ಳೋಕೆ ನಾಲ್ಕೇ ಅಳತೆ. ನನಗೆ ಬಂದ ಮೊದಲ ಸಾಲು: "ಟಿಎ ಬಿಲ್." ಆಫೀಸಿನ ಪ್ರಯಾಣಕ್ಕೆ ಬಸ್ಸಿನಲ್ಲಿ ಹೋಗಿ ಫಸ್ಟ್ ಕ್ಲಾಸ್ ರೈಲಿನ ದುಡ್ಡು ತಗೊಂಡಿದ್ದೆ, ಒಂದಲ್ಲ, ಹಲವು ಸಲ.

ವಾಪಸ್ ಬಂದು 186 ರೂಪಾಯಿ ಕ್ಯಾಷಿಯರ್ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ, "ಇದನ್ನು ಯಾವ ಹೆಡ್ಡಿಗೆ ಜಮಾ ಮಾಡಲಿ ಸ್ವಾಮಿ?" ಅಂದರು. ಕೊನೆಗೆ ರಸೀದಿಯಲ್ಲಿ "ಇತರೆ" ಅಂತ ಬರೆದರು. ಆ ತಿಂಗಳು ನಿಮ್ಮಜ್ಜಿ ಕಾಫಿಪುಡಿಗೆ ಚಿಕೋರಿ ಜಾಸ್ತಿ ಬೆರೆಸಿದಳು.

ಎರಡನೇ ಸಾಲು ನಿನ್ನ ಚಿಕ್ಕತಾತನದು, ಲಿಂಗರಾಜಪುರದ ಸೈಟಿನ ವಿಷಯ. ಅವನ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಬುಕ್‌ಮನ್ ನನಗಿಂತ ಚುರುಕು. 1908ರಲ್ಲಿ, ತಾನು ದ್ವೇಷ ಇಟ್ಟುಕೊಂಡಿದ್ದ ಆರು ಜನಕ್ಕೆ ಕ್ಷಮೆ ಕೇಳಿ ಕಾಗದ ಬರೆದ. ಒಬ್ಬರೂ ಉತ್ತರ ಕೊಡಲಿಲ್ಲವಂತೆ.

ಟೀಕೆ ಮಾಡುವವರ ಇನ್ನೊಂದು ಮಾತೂ ಸರಿ. ಎಲ್ಲರ ಎದುರು ಪಾಪ ಒಪ್ಪಿಕೊಳ್ಳೋದು ಕೆಲವು ಕಡೆ ಅತಿಯಾಯಿತು. ನೀನು ಅಂಥ ಕೂಟಕ್ಕೆ ಹೋದರೆ ನಿನ್ನದನ್ನಷ್ಟೇ ಹೇಳು, ಮನೆಯವರ ಗುಟ್ಟು ಎತ್ತಬೇಡ. ಆ ನಾಲ್ಕು ಅಳತೆ ಹಿಡಿದು ರೂಮ್‌ಮೇಟನ್ನು ಅಳೆಯಲೂ ಹೋಗಬೇಡ. ನಮ್ಮವರಲ್ಲಿ ಬಹಳ ಜನ ಎಡವಿದ್ದು ಅಲ್ಲೇ, ನಾನೂ ಸೇರಿ. ನಿಮ್ಮಜ್ಜಿಯನ್ನು ಕೇಳು!

ಕ್ರಿಸ್ಮಸ್‌ಗೆ ಬಂದಾಗ ಆ ನೋಟ್‌ಬುಕ್ ತೆಗೆದುಕೊಡ್ತೀನಿ. ರಸೀದಿ ಅದರೊಳಗೇ ಇದೆ.

ನಿನ್ನ ತಾತ