ಜೋಶಿ ಸರ್, ಜಪಾನಿನ ಅಕ್ಕಿ ಗಲಾಟೆ ನೋಡಿ ಬರೀತಿರೋ ಬಹಿರಂಗ ಪತ್ರ

ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿ ಅವರಿಗೆ ನಮಸ್ಕಾರ.

ಆ ಖಾತೆಲಿ ಕನ್ನಡ ಓದೋರು ಕೂತಿರೋದು ಅಪರೂಪ ಸರ್, ಅದಕ್ಕೇ ಕನ್ನಡದಲ್ಲೇ ಬರೀತಿದೀನಿ. ವಿಷಯ ಅಕ್ಕಿದು.

2025ರ ಮೇ ತಿಂಗಳಲ್ಲಿ ಜಪಾನಿನ ಕೃಷಿ ಮಂತ್ರಿ ತಾಕು ಎತೊ, ನಾನು ಯಾವತ್ತೂ ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರೇ ತಂದ್ಕೊಡ್ತಾರೆ, ಮಾರೋವಷ್ಟು ಬಿದ್ದಿದೆ ಅಂತ ಭಾಷಣದಲ್ಲಿ ಅಂದ್ಬಿಟ್ರು. ಆಗ ಅಲ್ಲಿ 5 ಕೆಜಿ ಚೀಲ 4200 ಯೆನ್ ದಾಟಿತ್ತು, ನಮ್ಮ ದುಡ್ಡಲ್ಲಿ ಹತ್ರತ್ರ 2500 ರೂಪಾಯಿ, ವರ್ಷದ ಹಿಂದಿನ ರೇಟಿಗೆ ಡಬಲ್. ಜನ ಸುಮ್ನೆ ಇರ್ತಾರಾ, ಮೂರೇ ದಿನಕ್ಕೆ ಮಂತ್ರಿಗಿರಿ ಹೋಯ್ತು.

ಆದ್ರೆ ರೇಟು ಏರಿದ್ದು ಆ ಮನುಷ್ಯನಿಂದ ಅಲ್ಲ. 1970ರ ಹೊತ್ತಿಂದ ಜಪಾನ್ ಸರ್ಕಾರ ಭತ್ತ ಕಮ್ಮಿ ಬೆಳೀರಿ, ದುಡ್ಡು ಕೊಡ್ತೀವಿ ಅಂತ ರೈತರಿಗೆ ಹೇಳ್ಕೊಂಡು ಬಂತು, ಹೊರಗಿನ ಅಕ್ಕಿ ಬರಬಾರ್ದು ಅಂತ ಕೆಜಿಗೆ 341 ಯೆನ್ ಸುಂಕ ಬೇರೆ. ಆ ಪದ್ಧತಿ 2018ರಲ್ಲಿ ಕಾಗದದ ಮೇಲೆ ಮುಗೀತು, ಆದ್ರೆ ಊಟದ ಅಕ್ಕಿ ಬಿಟ್ಟು ದನದ ಮೇವಿನ ಭತ್ತ ಬೆಳೆದ್ರೆ ಸಬ್ಸಿಡಿ ಮಾತ್ರ ನಿಲ್ಲಲಿಲ್ಲ. ಬೇಡಿಕೆಗೆ ಸರಿಯಾಗಿ ಅಳೆದು ಬೆಳೆಯೋ ಕಡೆ 2023ರ ಬೇಸಿಗೆ ಸೆಕೆಗೆ ಫಸಲು ಸ್ವಲ್ಪ ಕೆಟ್ಟಿದ್ದೇ ಸಾಕಾಯ್ತು ನೋಡಿ. ಎತೊ ಹೋದ್ಮೇಲೆ ಸರ್ಕಾರಿ ಗೋದಾಮಿನ ಹಳೇ ಅಕ್ಕಿ ತೆಗೆದು 5 ಕೆಜಿಗೆ 2000 ಯೆನ್ ಲೆಕ್ಕದಲ್ಲಿ ಕೊಟ್ರು, ಅದಕ್ಕೂ ಕ್ಯೂ. ಅಂದ್ರೆ ರೈತನ್ನ ಕಾಯೋ ಖರ್ಚನ್ನ ಅಂಗಡಿಗೆ ಬಂದವನ ಜೇಬಿಂದ ಕಿತ್ಕೊಂಡ್ರು.

ನಮ್ದು ಉಲ್ಟಾ. ಒಳಗಡೆ ರೇಟು ಏರಬಾರ್ದು ಅಂತ 2023ರ ಜುಲೈ 20ಕ್ಕೆ ರಾತ್ರೋರಾತ್ರಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ಬಂದ್ (ಆಗ ಈ ಖಾತೆ ನಿಮ್ಮ ಹತ್ರ ಇರ್ಲಿಲ್ಲ, ಆದೇಶನೂ ವಾಣಿಜ್ಯ ಇಲಾಖೆದು, ಒಪ್ತೀನಿ), ಆಮೇಲೆ ಕುಚ್ಚಲಕ್ಕಿಗೆ 20% ರಫ್ತು ಸುಂಕ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು 40% ನಮ್ಮದೇ ಇರೋವಾಗ ಬಾಗ್ಲು ಹಾಕಿದ್ರೆ ಹೊರಗಡೆ ರೇಟು ಏರತ್ತೆ, ಒಳಗಡೆ ರೈತನಿಗೆ ಸಿಗಬೇಕಾದ್ದು ಸಿಗಲ್ಲ. ಎಂಎಸ್‌ಪಿ, ಅಂದ್ರೆ ಸರ್ಕಾರದ ಬೆಂಬಲ ಬೆಲೆ, ಇದೆಯಲ್ಲ ಅಂತೀರಿ, ಅದು ಖರೀದಿ ಕೇಂದ್ರದ ತನಕ ಚೀಲ ಹೊತ್ಕೊಂಡು ಹೋಗಿ ಟೋಕನ್ ಸಿಕ್ಕೋರಿಗೆ, ಮಿಕ್ಕೋರಿಗೆ ಮಿಲ್ಲಿನವರು ಹೇಳಿದ್ದೇ ರೇಟು. ಇಷ್ಟು ಮಾಡಿ ಕೊಳ್ಳೋರಿಗಾದ್ರೂ ಅಗ್ಗ ಆಯ್ತಾ ಅಂದ್ರೆ ಅದೂ ಇಲ್ಲ, ಅದಕ್ಕೇ ತಾನೇ 2024ರ ಫೆಬ್ರವರಿಲಿ ಸರ್ಕಾರವೇ ಕೆಜಿಗೆ 29 ರೂಪಾಯಿ ಅಂತ ಭಾರತ್ ಅಕ್ಕಿ ಬ್ರ್ಯಾಂಡ್ ಬಿಡಬೇಕಾಗಿ ಬಂದಿದ್ದು? ಬ್ಯಾನ್ ಪೂರ್ತಿ ತೆಗೆಯೋಕೆ 2024ರ ಸೆಪ್ಟೆಂಬರ್ ಆಯ್ತು.

81 ಕೋಟಿ ಜನಕ್ಕೆ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯ ಫ್ರೀ ಸಿಗ್ತಿದೆ, ಅದರ ಬಗ್ಗೆ ನನ್ನ ತಕರಾರು ಇಲ್ಲವೇ ಇಲ್ಲ, ಜಪಾನಿನವರ ಹತ್ರ ಅಂಥದ್ದೊಂದು ಇದ್ದಿದ್ರೆ ಅಷ್ಟು ಕಷ್ಟ ಬರ್ತಿರ್ಲಿಲ್ಲ. ನನಗೆ ಹೊಟ್ಟೆ ಉರಿಯೋದು ಇಲ್ಲಿ: 2025ರ ಜನವರಿಲಿ ಎಫ್‌ಸಿಐ (ಕೇಂದ್ರದ ಆಹಾರ ನಿಗಮ) ಅಕ್ಕಿನ, ಪೆಟ್ರೋಲಿಗೆ ಬೆರೆಸೋ ಎಥನಾಲ್ ಮಾಡೋ ಡಿಸ್ಟಿಲರಿಗಳಿಗೆ ಕ್ವಿಂಟಲ್‌ಗೆ 2250 ರೂಪಾಯಿ ಮಾಡಿದ್ರಿ, ಅಂದ್ರೆ ಕೆಜಿ ಇಪ್ಪತ್ತೆರಡೂವರೆ. ಅಷ್ಟೊತ್ತಿಗೆ ಅದೇ ಭಾರತ್ ಅಕ್ಕಿ ಜನಕ್ಕೆ 34 ಆಗಿತ್ತು. ಪ್ಯಾಕಿಂಗು, ಸಾಗಾಣಿಕೆ ಎಲ್ಲಾ ಸೇರಿಸ್ಕೊಂಡ್ರೂ ಅನ್ನ ಮಾಡೋನಿಗಿಂತ ಸ್ಪಿರಿಟ್ ಮಾಡೋನಿಗೆ ಇಷ್ಟು ಅಗ್ಗ ಯಾಕೆ ಸರ್?

ಕೇಳೋದು ಎರಡೇ. ಗೋದಾಮಲ್ಲಿ ಎಷ್ಟು ಇಳಿದ್ರೆ, ಚಿಲ್ಲರೆ ರೇಟು ಎಷ್ಟು ಏರಿದ್ರೆ ರಫ್ತಿಗೆ ತಡೆ ಬೀಳತ್ತೆ, ಯಾವಾಗ ತೆಗೀತೀರಿ ಅನ್ನೋದನ್ನ ಬಿತ್ತನೆಗೆ ಮುಂಚೆನೇ ಬರೆದು ಪ್ರಕಟಿಸಿ, ವಾಣಿಜ್ಯ ಇಲಾಖೆಯವರನ್ನೂ ಒಪ್ಪಿಸಿ. ಇನ್ನೊಂದು, ಹೆಚ್ಚಾಗಿರೋ ದಾಸ್ತಾನು ಡಿಸ್ಟಿಲರಿಗೆ ಹೋಗೋಕೆ ಮುಂಚೆ ಅದೇ ರೇಟಲ್ಲಿ ಜನಕ್ಕೆ ಮಾರಾಟಕ್ಕೆ ಇಡಿ, ಉಳಿದ್ರೆ ಅವರಿಗೆ.

ಇಂತಿ,
ಫ್ರೀ ಅಕ್ಕಿನೂ ಸಿಗದ, ಭತ್ತನೂ ಬೆಳೆಯದ, ತಿಂಗಳ ಮೊದಲ ವಾರ ಅಕ್ಕಿ ಕೊಳ್ಳೋ ಒಬ್ಬ