ಸೆನ್ಸರ್ ಬದಲಿಸೋ ಮುಂಚೆ ವೈರ್ ನೋಡಿ ಸ್ವಾಮಿ

ಸಂಪಾದಕರೇ, ನಮಸ್ಕಾರ.

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಪಿಕಪ್ ಇಟ್ಕೊಂಡೋರ ಬಾಯಲ್ಲಿ ಒಂದೇ ಮಾತು, ಇಂಜಿನ್ ಲೈಟ್ ಬಂತು, ಸೆನ್ಸರ್ ಹೋಯ್ತಂತೆ, ಇಷ್ಟು ಸಾವಿರ ಬಿತ್ತು ಅಂತ. ಮೊನ್ನೆ ಮೊನ್ನೆ ಹಾಕಿಸಿದ ಸೆನ್ಸರೇ ಮತ್ತೆ ಹೋಗಿರ್ತದೆ. ಹೊಸದು ಅಷ್ಟು ಬೇಗ ಹೆಂಗೆ ಹೋಗ್ತದೆ ಮಾರಾಯ್ರೆ ಅಂತ ಕೇಳಿದ್ರೆ ವರ್ಕ್‌ಶಾಪಿನೋರು ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಮುಖಕ್ಕೆ ಹಿಡಿದು, ನೋಡಿ ಕಂಪ್ಯೂಟರೇ ಹೇಳ್ತಿದೆ, ನಾನೇನು ಮಾಡ್ಲಿ ಅಂತಾರೆ. ಅದಕ್ಕೇ ಈ ಪತ್ರ, ಯಾಕಂದ್ರೆ ಕಂಪ್ಯೂಟರ್ ಸೆನ್ಸರ್ ಬದಲಿಸು ಅಂತ ಯಾವತ್ತೂ ಹೇಳಲ್ಲ.

ನನ್ನ ಗಾಡಿದೇ ತಗೊಳ್ಳಿ. ಅಡಿಕೆ ಲೋಡ್ ಹಾಕ್ಕೊಂಡು ಶಿವಮೊಗ್ಗದ ಮಂಡಿಗೆ ಹೋಗೋದು, ಬರ್ತಾ ಗೊಬ್ಬರ, ಸಿಮೆಂಟು, ಏನು ಸಿಕ್ತೋ ಅದು. ಓಡ್ತಾ ಓಡ್ತಾ ಇದ್ದಕ್ಕಿದ್ದಂಗೆ ಬಂದ್ ಬೀಳೋದು, ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟ್ ಆಗೋದು. ಘಾಟಿಲಿ ಲೋಡ್ ಗಾಡಿ ಹಿಂಗೆ ನಿಂತ್ರೆ ಸ್ಟಿಯರಿಂಗ್ ಗಟ್ಟಿ, ಬ್ರೇಕ್ ಪೆಡಲ್ ಕಲ್ಲು, ಹಿಂದೆ ಬಸ್ಸಿನೋನ ಹಾರ್ನ್, ಆ ಪಜೀತಿ ಅನುಭವಿಸಿದೋರಿಗೇ ಗೊತ್ತು. ಸ್ಕ್ಯಾನ್ ಹಾಕಿದ್ರೆ ಪಿ 0335 ಅನ್ನೋ ಫಾಲ್ಟ್ ಕೋಡು. ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಿ, ಕೋಡ್ ಕ್ಲಿಯರ್ ಮಾಡಿ, ಬಿಲ್ ಕೊಟ್ಟು ಕಳಿಸಿದ್ರು. ಜೋರು ಮಳೆ ಹಿಡಿದ ತಕ್ಷಣ ಮತ್ತೆ ಅದೇ ಕೋಡು. ಮತ್ತೆ ಸೆನ್ಸರ್, ಈ ಸಲ ಒರಿಜಿನಲ್ಲೇ ಹಾಕ್ಸಿ ಅಂತ ಇನ್ನೂ ಜಾಸ್ತಿ ರೇಟಿಂದು. ಮತ್ತೆ ಅದೇ ಕೋಡು. ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳ್ಳಲ್ಲ ಅನ್ನೋ ಬೋರ್ಡು ಸ್ಪೇರ್ಸ್ ಅಂಗಡಿಲಿ ಗಣಪತಿ ಫೋಟೋದ ಪಕ್ಕದಲ್ಲೇ ನೇತಾಡ್ತಿರ್ತದೆ, ಹಂಗಾಗಿ ಹೋದ ದುಡ್ಡು ಹೋದಂಗೇ.

ಈ ಕ್ರ್ಯಾಂಕ್ ಸೆನ್ಸರ್ ಮಾಡೋ ಕೆಲಸ ಇಷ್ಟೇ. ಫ್ಲೈವೀಲ್ ಕಡೆಗೋ ಮುಂದಿನ ಪುಲ್ಲಿ ಕಡೆಗೋ ಹಲ್ಲು ಇರೋ ಒಂದು ಚಕ್ರ ಇರ್ತದೆ, ಅದರಲ್ಲಿ ಬೇಕಂತಲೇ ಒಂದೆರಡು ಹಲ್ಲು ಬಿಟ್ಟಿರ್ತಾರೆ, ಸೆನ್ಸರ್ ಆ ಹಲ್ಲು ಎಣಿಸ್ತಾ ಇಂಜಿನ್ ಎಷ್ಟು ಸ್ಪೀಡಲ್ಲಿ ತಿರುಗ್ತಿದೆ, ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರಿಗೆ, ಹೇಳ್ತಿರ್ತದೆ. ಆ ಸಿಗ್ನಲ್ ತಪ್ಪಿದ್ರೆ ಯಾವಾಗ ಡೀಸೆಲ್ ಹೊಡೀಬೇಕು ಅಂತಾನೇ ಗೊತ್ತಾಗಲ್ಲ, ಇಂಜಿನ್ ಬಂದ್. ಪಿ 0335 ಅಂದ್ರೆ ಆ ಲೈನಲ್ಲಿ ಸಿಗ್ನಲ್ ಸರಿಯಾಗಿ ಬರ್ತಿಲ್ಲ ಅಂತ. ಲೈನ್ ಅಂದ್ಮೇಲೆ ಸೆನ್ಸರ್ ಇದೆ, ವೈರ್ ಜೋಡಿಸೋ ಕಪ್ಲರ್ ಇದೆ, ವೈರ್ ಇದೆ, ಅರ್ತಿಂಗ್ ಇದೆ, ಕೊನೆಗೆ ಇಸಿಯು ಇದೆ. ಇದರಲ್ಲಿ ಬಿಚ್ಚಿ ಹಾಕೋಕೆ ಸುಲಭ, ಮಾರೋಕೂ ಸುಲಭ ಅಂತ ಮೊದಲು ಸೆನ್ಸರಿಗೇ ಕೈ ಹಾಕ್ತಾರೆ, ಉಳಿದಿದ್ದು ನೋಡೋಕೆ ಟೈಮಿಲ್ಲ.

ಕೊನೆಗೆ ಕಂಡುಹಿಡಿದಿದ್ದು ಸಾಗರ ರಸ್ತೆ ಕಡೆಯ ಒಬ್ಬ ಹಳೇ ಎಲೆಕ್ಟ್ರಿಷಿಯನ್. ಅವರು ಸ್ಕ್ಯಾನರ್ ಹಾಕಿದ್ರು, ಆದ್ರೆ ಕೋಡ್ ನೋಡಿ ಸುಮ್ಮನಾಗ್ಲಿಲ್ಲ, ಲೈವ್ ಡೇಟಾದಲ್ಲಿ ಆರ್‌ಪಿಎಂ, ಅಂದ್ರೆ ಇಂಜಿನ್ ತಿರುಗೋ ಸ್ಪೀಡ್, ತೆಗೆದಿಟ್ಟು ಇಂಜಿನ್ ಓಡ್ತಿರೋವಾಗಲೇ ವೈರಿಂಗ್ ಉದ್ದಕ್ಕೂ ಅಲ್ಲಾಡಿಸ್ತಾ ಬಂದ್ರು. ಗೇರ್ ಬಾಕ್ಸ್ ಮೇಲಿನ ಕ್ಲ್ಯಾಂಪ್ ಹತ್ರ ಕೈ ಹೋಗಿದ್ದೇ ತಡ ಆರ್‌ಪಿಎಂ ಸೊನ್ನೆ, ಗಾಡಿ ಬಂದ್. ಕ್ಲ್ಯಾಂಪ್ ಬಿಚ್ಚಿ ಆ ಒಂದು ವೈರನ್ನ ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆದ್ರು, ರಬ್ಬರ್ ಬ್ಯಾಂಡ್ ಥರ ಉದ್ದ ಆಯ್ತು. ಒಳಗೆ ತಾಮ್ರ ಇದ್ರೆ ಹಂಗೆ ಹಿಗ್ಗಲ್ಲ ಅಂದ್ರು. ಬ್ಲೇಡಲ್ಲಿ ಕವರ್ ಸೀಳಿದ್ರೆ ಒಳಗೆ ತಾಮ್ರದ ಎಳೆಗಳ ಬದ್ಲು ಹಸಿರು ಪುಡಿ, ಮಧ್ಯ ಒಂದೋ ಎರಡೋ ಎಳೆ ಮಾತ್ರ ಜೀವ ಹಿಡ್ಕೊಂಡಿತ್ತು. ಕ್ಲ್ಯಾಂಪಿಗೆ ಉಜ್ಜಿ ಉಜ್ಜಿ ಕವರ್ ಸೂಜಿ ಮೊನೆಯಷ್ಟು ತೂತಾಗಿದೆ, ಅಲ್ಲಿಂದ ನೀರು ಹೋಗಿದೆ. ಅಷ್ಟುದ್ದ ಕತ್ತರಿಸಿ ಹೊಸ ವೈರ್ ಬೆಸುಗೆ ಹಾಕಿ, ಸ್ಲೀವ್ ಹಾಕಿ ಬಿಸಿ ಮಾಡಿ ಕೂರಿಸಿದ್ರು. ಆಮೇಲೆ ಸುಮ್ನೆ ನೋಡಾಣ ಅಂತ ಮೊದಲು ಬಿಚ್ಚಿಟ್ಟಿದ್ದ ಹಳೇ ಸೆನ್ಸರನ್ನೇ ಹಾಕಿದ್ರು, ಗಾಡಿ ಅದರಲ್ಲೇ ಓಡ್ತಿದೆ!

ಅವರು ಹೇಳಿದ ಇನ್ನೊಂದು ವಿಷಯ ಎಲ್ಲ ಡ್ರೈವರಿಗೂ ಗೊತ್ತಿರ್ಬೇಕು. ಮತ್ತೆ ಮತ್ತೆ ಬರೋ ಫಾಲ್ಟಿಗೆ ಯಾವಾಗ ಬರ್ತದೆ ಅನ್ನೋದೇ ಅರ್ಧ ಉತ್ತರ. ಇಂಜಿನ್ ಬಿಸಿ ಆದ್ಮೇಲೆ ಬಂದು, ತಣ್ಣಗಾದ್ಮೇಲೆ ಸರಿ ಹೋದ್ರೆ ಸೆನ್ಸರ್ ಒಳಗಿನ ಕಾಯಿಲ್, ಅಂದ್ರೆ ತಂತಿ ಸುರುಳಿಯೇ, ಬಿಟ್ಟಿರಬಹುದು, ಆಗ ಬದಲಿಸಿ, ನ್ಯಾಯ. ಮಳೆಲಿ, ಗಾಡಿ ತೊಳೆಸಿದ ಮಾರನೇ ದಿನ ಬಂದ್ರೆ ಕಪ್ಲರಲ್ಲೋ ವೈರಲ್ಲೋ ನೀರು. ಹೊಂಡ ಹಾರಿದಾಗ ಬಂದ್ರೆ ವೈರ್ ಉಜ್ಜಿದೆ ಅಥವಾ ಪಿನ್ ಲೂಸು. ಕೋಡ್ ಬಿದ್ದಾಗ ಇಂಜಿನ್ ಬಿಸಿ ಎಷ್ಟಿತ್ತು, ಗಾಡಿ ಸ್ಪೀಡ್ ಎಷ್ಟಿತ್ತು ಅನ್ನೋದನ್ನ ಇಸಿಯು ಫ್ರೀಜ್ ಫ್ರೇಮ್ ಅಂತ ಹಿಡಿದಿಟ್ಟಿರ್ತದೆ, ಆದ್ರೆ ನಮ್ಮೋರು ಗಾಡಿ ಬಂದ ತಕ್ಷಣ ಮಾಡೋ ಮೊದಲ ಕೆಲಸವೇ ಕೋಡ್ ಕ್ಲಿಯರ್ ಮಾಡೋದು, ಅದರ ಜೊತೆ ಆ ಮಾಹಿತೀನೂ ಅಳಿಸಿ ಹೋಗ್ತದೆ. ಒಂದೇ ಸಲಕ್ಕೆ ಮೂರ್ನಾಕು ಸೆನ್ಸರ್ ಕೋಡ್ ಬಂದ್ರಂತೂ ಮೂರ್ನಾಕು ಸೆನ್ಸರ್ ಒಟ್ಟಿಗೆ ಸತ್ತಿರಲ್ಲ ಸ್ವಾಮಿ, ಕೆಲವು ಸೆನ್ಸರಿಗೆ 5 ವೋಲ್ಟ್ ಸಪ್ಲೈ ಒಂದೇ ಕಡೆಯಿಂದ ಬರ್ತದೆ, ಅದರಲ್ಲಿ ಒಂದು ಶಾರ್ಟ್ ಆದ್ರೂ ಉಳಿದಿದ್ದೆಲ್ಲ ತಪ್ಪು ಹೇಳ್ತವೆ, ಇಲ್ಲಾಂದ್ರೆ ಅರ್ತ್ ಪಾಯಿಂಟ್ ತುಕ್ಕು ಹಿಡಿದಿರ್ತದೆ, ಬ್ಯಾಟರಿ ವೀಕ್ ಆದ್ರೂ ಇಲ್ಲದ ಕೋಡೆಲ್ಲ ಬರ್ತದೆ. ಇದನ್ನೆಲ್ಲ ನೋಡೋಕೆ ಒಂದು ಮಲ್ಟಿಮೀಟರ್ ಸಾಕು. ಎರಡು ವೈರಿನ ಸೆನ್ಸರ್ ಆದ್ರೆ ಓಮ್ಸ್, ಅಂದ್ರೆ ರೆಸಿಸ್ಟೆನ್ಸ್, ನೋಡಬಹುದು, ಮೂರು ವೈರಿಂದಾದ್ರೆ ಓಮ್ಸ್ ಅಲ್ಲ, ಸಪ್ಲೈ, ಅರ್ತ್, ಸಿಗ್ನಲ್ ಮೂರನ್ನೂ ನೋಡ್ಬೇಕು.

ನಮ್ಮ ಮಲೆನಾಡಿಗೆ ಇದು ಜಾಸ್ತಿ ಅನ್ವಯ ಆಗೋಕೆ ಕಾರಣ ಇದೆ. ಆಗುಂಬೆ, ಹುಲಿಕಲ್ ಸುತ್ತ ಬೀಳೋ ಮಳೆ ಎಂಥದ್ದು ಅಂತ ನಿಮಗೆ ಹೇಳೋದು ಬೇಡ, ಜೂನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಕೆಳಭಾಗ ಒಣಗೋದೇ ಇಲ್ಲ. ಅದರ ಮೇಲೆ ಇಲಿ ಕಾಟ, ಅಡಿಕೆ ಚೀಲ, ಭತ್ತ ಇರೋ ಕೊಟ್ಟಿಗೆ ಪಕ್ಕದಲ್ಲೇ ಗಾಡಿ ನಿಲ್ಲಿಸ್ತೀವಿ, ಬೆಳಿಗ್ಗೆ ಬಾನೆಟ್ ಎತ್ತಿದ್ರೆ ವೈರ್ ಕಡಿದು ಗೂಡು ಕಟ್ಟಿರ್ತವೆ. ಫಾಗ್ ಲೈಟು, ಜೋರು ಹಾರ್ನು ಅಂತ ಕಂಡಕಂಡ ವೈರಿಗೆ ತಿರುಚಿ ಟೇಪ್ ಸುತ್ತೋ ಚಟ ಬೇರೆ. 2020ರ ಏಪ್ರಿಲಿಂದ ಹೊಗೆ ಕಡಿಮೆ ಮಾಡೋ ಬಿಎಸ್ 6 ನಿಯಮದ ಗಾಡಿಗಳು ಬಂದ್ಮೇಲೆ ಸೈಲೆನ್ಸರ್ ಕಡೆಗೂ ಸೆನ್ಸರ್‌ಗಳು ಜಾಸ್ತಿ ಆದ್ವು, ವೈರ್ ಜಾಸ್ತಿ ಆಯ್ತು, ಅಂದ್ರೆ ನೀರು ಹೋಗೋ ಜಾಗವೂ ಜಾಸ್ತಿ ಆಯ್ತು.

ವರ್ಕ್‌ಶಾಪಿನೋರು ಎಲ್ಲರೂ ಕಳ್ಳರು ಅಂತ ನಾನು ಹೇಳ್ತಿಲ್ಲ. ವೈರ್ ಹುಡುಕೋಕೆ ಅರ್ಧ ದಿನ ಬೇಕು, ಅದಕ್ಕೆ ಮಜೂರಿ ಕೇಳಿದ್ರೆ ನಾವೇ ಕಿರಿಕಿರಿ ಮಾಡ್ತೀವಿ, ಸ್ಪೇರ್ ಪಾರ್ಟ್ಸಿಗೆ ಸಾವಿರಗಟ್ಟಲೆ ಕೊಡ್ತೀವಿ, ಹುಡುಕಿದ್ದಕ್ಕೆ ಐನೂರು ಕೊಡೋಕೆ ಮುಖ ಸಿಂಡರಿಸ್ತೀವಿ. ವೈರಿಂಗ್ ಡಯಾಗ್ರಾಂ ಕಂಪನಿಯೋರ ಹತ್ರ ಮಾತ್ರ ಇರ್ತದೆ, ಊರಿನ ಎಲೆಕ್ಟ್ರಿಷಿಯನ್ ಕೈಗೆ ಸಿಗಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ ಅಂತ ಪೋರ್ಟಲ್ ಮಾಡ್ತು, ವಾಹನಗಳೂ ಅದರಲ್ಲಿ ಸೇರಿವೆ, ಕಂಪನಿಗಳು ಅಲ್ಲಿ ಡಯಾಗ್ರಾಂ ಹಾಕಿದ್ರೆ ತೀರ್ಥಹಳ್ಳಿಲೇ ಕೆಲಸ ಮುಗೀತದೆ. ಐಟಿಐಗಳಲ್ಲೂ ಹುಡುಗರಿಗೆ ಸ್ಕ್ಯಾನರ್ ಒತ್ತೋದಷ್ಟೇ ಅಲ್ಲ, ಮೀಟರ್ ಹಿಡಿಯೋದನ್ನೂ ಚೆನ್ನಾಗಿ ಕಲಿಸ್ಬೇಕು.

ಗಾಡಿ ಮಾಲೀಕರು ಕೇಳ್ಬೇಕಾದ್ದು ಏನಂದ್ರೆ, ಕ್ಲಿಯರ್ ಮಾಡೋ ಮುಂಚೆ ಕೋಡ್ ಏನು ಬಂತು ಅಂತ ಜಾಬ್ ಕಾರ್ಡಲ್ಲಿ ಬರೆಸಿ, ಸೆನ್ಸರ್ ಕೆಟ್ಟಿದೆ ಅಂತ ಯಾವ ರೀಡಿಂಗ್ ನೋಡಿ ಹೇಳಿದ್ರಿ ಅಂತ ಕೇಳಿ, ಬಿಚ್ಚಿದ ಹಳೇ ಪಾರ್ಟ್ ಮನೆಗೆ ತನ್ನಿ. ಜಗಳಕ್ಕೆ ಬಂದ್ರೆ ಹಳದಿ ಬೋರ್ಡ್ ಗಾಡಿ, ಕಮರ್ಷಿಯಲ್ಲು, ನೀವು ಗ್ರಾಹಕರ ಕೋರ್ಟಿಗೆ ಹೋಗೋಕಾಗಲ್ಲ ಅಂತ ಹೆದರಿಸ್ತಾರೆ. ಆದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಅಂತ ಮಾಡ್ಕೊಂಡೋನೂ ಗ್ರಾಹಕನೇ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಫೀಸೂ ಇಲ್ಲ. ಅದಕ್ಕೂ ಮುಂಚೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು.

ಇನ್ನು ಆರಿದ್ರಾ ಮಳೆ ಹಿಡಿಯೋ ಮುಂಚೆ ಒಂದು ಸಲ ಕಪ್ಲರ್‌ಗಳನ್ನೆಲ್ಲ ಬಿಚ್ಚಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ, ಒಳಗಿನ ರಬ್ಬರ್ ಸೀಲ್ ಇದೆಯಾ ನೋಡಿಸಿ. ಸರ್ವಿಸಲ್ಲಿ ತೊಳೆಯೋ ಹುಡುಗರಿಗೆ ಇಂಜಿನ್ ಮೇಲೆ ಪ್ರೆಷರ್ ನೀರು ಬಿಡಬೇಡಿ ಅಂತ ಅಲ್ಲೇ ನಿಂತು ಹೇಳಿ, ದೂರದಿಂದ ಹೇಳಿದ್ರೆ ಕೇಳಲ್ಲ.

ಇಂತಿ,
ಒಬ್ಬ ಪಿಕಪ್ ಮಾಲೀಕ,
ತೀರ್ಥಹಳ್ಳಿ ತಾಲ್ಲೂಕು